ಪತ್ತೇದಾರಿ ಪುಸ್ತಕದ ಮುಖಪುಟವನ್ನು ಓದುವ ಬಗೆ

ಹಳೆಯ ಪತ್ತೇದಾರಿ ಕಾದಂಬರಿಗಳನ್ನು ಅವುಗಳ ಮುಖಪುಟದ ಚಿತ್ರಕ್ಕಾಗಿ ಸಂಗ್ರಹಿಸುತ್ತೇನೆ ಎಂದು ಹೇಳಿದಾಗಲೆಲ್ಲ ಉಡುಪಿಯ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಅದರಲ್ಲಿ ನೋಡುವುದಕ್ಕೆ ಏನಿದೆ?’ ರಕ್ತ ತೊಟ್ಟಿಕ್ಕುವ ಕೆಂಪು ಅಕ್ಷರ, ಹಣೆಯವರೆಗೆ ಟೊಪ್ಪಿ ಎಳೆದುಕೊಂಡ ಗಂಡಸು, ಬೆದರಿದ ಕಣ್ಣಿನ ಹೆಂಗಸು, ಒಂದು ಪಿಸ್ತೂಲು. ಇಷ್ಟೇ ತಾನೆ, ಎಲ್ಲವೂ ಒಂದೇ ತರಹ ಇರುತ್ತದಲ್ಲ ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವು ಒಂದೇ ತರಹ ಕಾಣುವುದಕ್ಕೂ ಕಾರಣವಿದೆ, ಹತ್ತಿರದಿಂದ ನೋಡಿದಾಗ ಒಂದರಂತೆ ಇನ್ನೊಂದು ಇಲ್ಲದಿರುವುದಕ್ಕೂ ಕಾರಣವಿದೆ. ಆ ಕಾರಣಗಳನ್ನು ಪುಸ್ತಕದ ಬೆಲೆ, ಅದನ್ನು ಅಚ್ಚು ಹಾಕಿದ ಯಂತ್ರ ಮತ್ತು ಅದು ಮಾರಾಟವಾದ ಜಾಗ ಎಂಬ ಮೂರು ಕಡೆ ಹುಡುಕಬೇಕು. ಈ ಮೂರನ್ನು ತಿಳಿದುಕೊಂಡವರಿಗೆ ಗುಜರಿ ಅಂಗಡಿಯ ರಾಶಿಯಲ್ಲಿ ಬಿದ್ದಿರುವ ಹೊದಿಕೆಯೊಂದು ತಾನು ಹುಟ್ಟಿದ ಕಾಲದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಜಾಗದಿಂದ ಆರಂಭಿಸುತ್ತೇನೆ. ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಉಡುಪಿಯವರು ತಮ್ಮ ಊರಿನಲ್ಲಿ ರೈಲು ಕಾಣಲು 1990ರ ದಶಕದವರೆಗೆ ಕಾಯಬೇಕಾಯಿತು. ಕೊಂಕಣ ರೈಲ್ವೆಯ ಮಾರ್ಗ ಪೂರ್ಣವಾಗಿ ತೆರೆದದ್ದು 1998ರಲ್ಲಿ. ಆದ್ದರಿಂದ ನಮ್ಮ ಕಡೆ ಅಗ್ಗದ ಕಾದಂಬರಿಯ ಮಾರುಕಟ್ಟೆಯೆಂದರೆ ಬಸ್ ನಿಲ್ದಾಣದ ಅಂಗಡಿ. ವಾರಪತ್ರಿಕೆಗಳ ನಡುವೆ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ಆ ಪುಸ್ತಕವನ್ನು ಕೊಳ್ಳುವಾತ ಕಾರ್ಕಳಕ್ಕೋ ಕುಂದಾಪುರಕ್ಕೋ ಹೊರಟವನು. ಕಂಡಕ್ಟರ್ ಸೀಟಿ ಊದುವುದರೊಳಗೆ ಆತ ನಾಲ್ಕೈದು ಅಡಿ ದೂರದಿಂದ ಪುಸ್ತಕವನ್ನು ನೋಡಿ, ಅದು ಯಾವ ಬಗೆಯದೆಂದು ತಿಳಿದು, ಕೈಯಲ್ಲಿರುವ ಚಿಲ್ಲರೆಯನ್ನು ಕೊಡಬೇಕು. ಒಳಗಿನ ಪುಟಗಳನ್ನು ತಿರುವಿ ನೋಡುವಷ್ಟು ಸಮಯ ಅವನಿಗೂ ಇಲ್ಲ, ನೋಡಲು ಬಿಡುವಷ್ಟು ತಾಳ್ಮೆ ಅಂಗಡಿಯವರಿಗೂ ಇಲ್ಲ. ದೊಡ್ಡ ಮುಖ, ಗಾಢವಾದ ಎರಡು ಮೂರು ಬಣ್ಣ, ಅರ್ಧ ಹೊದಿಕೆಯನ್ನು ತುಂಬುವ ಶೀರ್ಷಿಕೆ, ಅಪರಾಧವನ್ನು ಕೂಡಲೇ ಸೂಚಿಸುವ ಒಂದು ವಸ್ತು: ಮುಖಪುಟದ ಈ ವ್ಯಾಕರಣ ರೂಪುಗೊಂಡದ್ದು ಆ ಎರಡು ನಿಮಿಷಗಳ ಒತ್ತಡದಲ್ಲಿ.

ಜಗತ್ತಿನ ಬೇರೆಡೆಗಳಲ್ಲಿಯೂ ಕಥೆ ಆರಂಭವಾದದ್ದು ಹೀಗೆಯೇ. ಇಟಲಿಯ ಮೊಂಡಡೋರಿ ಪ್ರಕಾಶನ 1929ರಲ್ಲಿ ಅಪರಾಧ ಕಾದಂಬರಿಗಳ ಮಾಲೆಯೊಂದನ್ನು ಹಳದಿ ಹೊದಿಕೆಯಲ್ಲಿ ತಂದಿತು. ಆ ಹಳದಿ ಎಷ್ಟು ಜನಜನಿತವಾಯಿತೆಂದರೆ, ಇಟಾಲಿಯನ್ ಭಾಷೆಯಲ್ಲಿ ಹಳದಿ ಎಂಬ ಅರ್ಥದ ‘ಜಾಲ್ಲೊ’ ಎಂಬ ಪದವೇ ಇಂದು ಪತ್ತೇದಾರಿ ಕಥೆಗೆ ಹೆಸರಾಗಿದೆ. ಇಂಗ್ಲೆಂಡಿನಲ್ಲಿ ಆಲೆನ್ ಲೇನ್ 1935ರಲ್ಲಿ ಆರು ಪೆನ್ಸ್ ಬೆಲೆಯ ಪೆಂಗ್ವಿನ್ ಪುಸ್ತಕಗಳನ್ನು ಆರಂಭಿಸಿದಾಗ ಚಿತ್ರವೇ ಬೇಡವೆಂದು ತೀರ್ಮಾನಿಸಿ, ಸಾಮಾನ್ಯ ಕಾದಂಬರಿಗೆ ಕಿತ್ತಳೆ ಪಟ್ಟಿ, ಅಪರಾಧ ಕಥೆಗೆ ಹಸಿರು ಪಟ್ಟಿ ಎಂದು ಬಣ್ಣಗಳನ್ನು ಹಂಚಿದರು. ಬಣ್ಣವನ್ನೇ ಗುರುತಾಗಿಸುವ ಈ ದಾರಿ ಯುರೋಪಿನದು. ಅಮೆರಿಕದವರು ಹಿಡಿದ ದಾರಿ ಬೇರೆ. ನ್ಯೂಯಾರ್ಕಿನಲ್ಲಿ 1939ರಲ್ಲಿ ಪಾಕೆಟ್ ಬುಕ್ಸ್ 25 ಸೆಂಟ್ ಬೆಲೆಯ ಪುಸ್ತಕಗಳನ್ನು ಹೊರತಂದು, ಅವುಗಳನ್ನು ಪುಸ್ತಕದಂಗಡಿಗಳ ಜೊತೆಗೆ ಔಷಧಿ ಅಂಗಡಿ, ಸಿಗರೇಟು ಅಂಗಡಿ, ಪತ್ರಿಕೆಯ ಕಟ್ಟೆಗಳಲ್ಲಿ ತಂತಿಯ ಸ್ಟ್ಯಾಂಡಿನ ಮೇಲೆ ಮಾರಿತು. ಪುಸ್ತಕ ಕೊಳ್ಳಬೇಕೆಂದು ಬರದವರನ್ನು ನಿಲ್ಲಿಸುವುದಕ್ಕೆ ಬಣ್ಣದ ಪಟ್ಟಿ ಸಾಲದು, ಚಿತ್ರ ಬೇಕು. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷಗಳನ್ನು ಚಿತ್ರಿತ ಮುಖಪುಟದ ಸುವರ್ಣಕಾಲವೆಂದು ಸಂಗ್ರಾಹಕರು ಎಣಿಸುತ್ತಾರೆ.

ಆ ಕಾಲದ ಒಂದೊಂದು ಪ್ರಕಾಶನಕ್ಕೂ ಒಂದೊಂದು ಗುರುತು ಇತ್ತು. 1943ರಲ್ಲಿ ಆರಂಭವಾದ ಡೆಲ್ ಪುಸ್ತಕಗಳ ಲಾಂಛನದಲ್ಲಿ ಬೀಗದ ಕಿಂಡಿಯಿಂದ ಇಣುಕುವ ಕಣ್ಣು ಇರುತ್ತಿತ್ತು. ಹಿಂದಿನ ಹೊದಿಕೆಯ ಮೇಲೆ ಕೊಲೆ ನಡೆದ ಮನೆಯದೋ ಊರಿನದೋ ನಕ್ಷೆಯನ್ನು ಅಚ್ಚು ಹಾಕುತ್ತಿದ್ದರು. ಡೆಲ್‌ನ ಮುಖಪುಟಗಳಲ್ಲಿ ಹಲವನ್ನು ರಚಿಸಿದ ಜೆರಾಲ್ಡ್ ಗ್ರೆಗ್ ಅವರು ಏರ್‌ಬ್ರಶ್ಶಿನಲ್ಲಿ ಬಣ್ಣವನ್ನು ಸಿಂಪಡಿಸಿ ಮಾಡಿದ ನುಣುಪಾದ ಅಸ್ಥಿಪಂಜರ, ಕೈ, ಕೀಲಿಕೈಗಳಲ್ಲಿ ಮನುಷ್ಯರ ಮುಖಕ್ಕಿಂತ ವಸ್ತುಗಳೇ ಭಯ ಹುಟ್ಟಿಸುತ್ತವೆ. ಸಿಗ್ನೆಟ್ ಮಾಲೆಗೆ ಜೇಮ್ಸ್ ಅವಾಟಿ ಬರೆದ ಚಿತ್ರಗಳು ಇದಕ್ಕೆ ತೀರ ವಿರುದ್ಧವಾಗಿ, ಬಡ ಕೋಣೆಯ ಮಬ್ಬು ಬೆಳಕಿನಲ್ಲಿ ಸೋತು ನಿಂತ ಮನುಷ್ಯರನ್ನು ವಾಸ್ತವವಾಗಿ ತೋರಿಸುತ್ತವೆ. 1950ರಲ್ಲಿ ಗೋಲ್ಡ್ ಮೆಡಲ್ ಎಂಬ ಮಾಲೆ, ಗಟ್ಟಿ ರಟ್ಟಿನಲ್ಲಿ ಮೊದಲು ಬಂದ ಕಾದಂಬರಿಯನ್ನು ಮರುಮುದ್ರಿಸುವ ಪದ್ಧತಿಯನ್ನು ಬಿಟ್ಟು, ಹೊಸ ಕಾದಂಬರಿಯನ್ನೇ ನೇರವಾಗಿ ಅಗ್ಗದ ಆವೃತ್ತಿಯಲ್ಲಿ ತರತೊಡಗಿತು. ಇದರ ಪರಿಣಾಮ ಮುಖಪುಟದ ಮೇಲೆ ನೇರವಾಗಿ ಆಯಿತು. ವಿಮರ್ಶೆಯೂ ಇಲ್ಲದ, ಲೇಖಕನ ಹೆಸರೂ ಯಾರಿಗೂ ಗೊತ್ತಿಲ್ಲದ ಪುಸ್ತಕವನ್ನು ಮಾರಿಕೊಡಬೇಕಾದದ್ದು ಚಿತ್ರವೊಂದೇ. ಚಿತ್ರಗಳು ಹೆಚ್ಚು ಹೆಚ್ಚು ಕೆರಳಿಸುವಂತಾದವು. 1952ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಈ ಹೊದಿಕೆಗಳನ್ನು ಮುಂದಿಟ್ಟುಕೊಂಡು ವಿಚಾರಣೆ ನಡೆಸುವ ಮಟ್ಟಕ್ಕೆ ಹೋಯಿತು.

ಈ ಪರಂಪರೆಯ ಅತ್ಯಂತ ದೊಡ್ಡ ಹೆಸರು ರಾಬರ್ಟ್ ಮೆಕ್‌ಗಿನ್ನಿಸ್ (1926–2025). ಸಾವಿರದ ಇನ್ನೂರಕ್ಕೂ ಹೆಚ್ಚು ಮುಖಪುಟಗಳನ್ನು ಬರೆದ ಅವರು ಹಾಲಿವುಡ್‌ನ ಹೆಸರಾಂತ ಭಿತ್ತಿಪತ್ರಗಳನ್ನೂ ರಚಿಸಿದರು. ಅವರ ಚಿತ್ರಗಳಲ್ಲಿ ನಾನು ಮೆಚ್ಚುವುದು ಖಾಲಿ ಜಾಗವನ್ನು. ನೀಳವಾದ ಒಂದು ಆಕೃತಿಯನ್ನು ಹೊದಿಕೆಯ ಒಂದು ಬದಿಗೆ ನಿಲ್ಲಿಸಿ, ಉಳಿದ ಭಾಗವನ್ನು ಒಂದೇ ಬಣ್ಣಕ್ಕೆ ಬಿಟ್ಟು, ಅಕ್ಷರಗಳು ಉಸಿರಾಡುವುದಕ್ಕೆ ಎಡೆ ಮಾಡಿಕೊಡುತ್ತಾರೆ. ಮುಖಪುಟದ ಚಿತ್ರವೆಂದರೆ ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಅದರ ಮೇಲೆ ಅಕ್ಷರ ಕೂರಬೇಕು ಎಂಬ ತಿಳಿವಳಿಕೆ ಅಲ್ಲಿ ಎದ್ದು ಕಾಣುತ್ತದೆ. ಇಂಗ್ಲೆಂಡಿನಲ್ಲಿಯೂ ಬದಲಾವಣೆ ಬಂತು. ಪೆಂಗ್ವಿನ್ನಿನ ಹಸಿರು ಅಪರಾಧ ಮಾಲೆಗೆ 1961ರಲ್ಲಿ ರೋಮೆಕ್ ಮಾರ್ಬರ್ ಹೊಸ ಚೌಕಟ್ಟನ್ನು ರೂಪಿಸಿ, ಮೇಲಿನ ಮೂರನೆಯ ಒಂದು ಭಾಗವನ್ನು ಅಕ್ಷರಕ್ಕೂ ಕೆಳಗಿನದನ್ನು ಚಿತ್ರಕ್ಕೂ ಮೀಸಲಿಟ್ಟರು. ಅಗಾಥಾ ಕ್ರಿಸ್ಟಿಯ ಕಾದಂಬರಿಗಳ ಅಗ್ಗದ ಫಾಂಟಾನಾ ಆವೃತ್ತಿಗಳಿಗೆ 1962ರಿಂದ ಟಾಮ್ ಆ್ಯಡಮ್ಸ್ ಬರೆದ ಚಿತ್ರಗಳಲ್ಲಿ ಪಿಸ್ತೂಲು ಹಿಡಿದ ಗಂಡಸು ಬಹುಮಟ್ಟಿಗೆ ಮಾಯವಾಗಿ, ಹೂವು, ಕೀಟ, ಮುರಿದ ಗೊಂಬೆ ಇಂಥ ವಸ್ತುಗಳೇ ಕಥೆಯ ಸುಳಿವುಗಳಾಗಿ ನಿಂತವು. 1970ರ ದಶಕದ ಹೊತ್ತಿಗೆ ಫೋಟೋ ಮುಖಪುಟಗಳು ಹೆಚ್ಚಾದವು. ಜೇಮ್ಸ್ ಹ್ಯಾಡ್ಲಿ ಚೇಸ್‌ನ ಪುಸ್ತಕಗಳನ್ನು ಮಂಗಳೂರಿನ ಹಂಪನಕಟ್ಟೆಯ ಫುಟ್‌ಪಾತಿನಲ್ಲಿ ನೋಡಿದವರಿಗೆ ಆ ಫೋಟೋ ಹೊದಿಕೆಗಳ ನೆನಪಿರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಅತಿ ಸುಲಭವಾಗಿ ಸಿಗುವ ಇಂಗ್ಲಿಷ್ ಅಪರಾಧ ಕಾದಂಬರಿಗಳು ಅವೇ. ಮುಂಬಯಿಯಲ್ಲಿ ಹೋಟೆಲ್ಲು, ಬ್ಯಾಂಕು ಎಂದು ದುಡಿದು ಊರಿಗೆ ಮರಳಿದವರ ಟ್ರಂಕುಗಳಲ್ಲಿ ಬಂದ ಪ್ರತಿಗಳನ್ನು ನಾನು ಹಲವು ಮನೆಗಳ ಅಟ್ಟದಲ್ಲಿ ಕಂಡಿದ್ದೇನೆ.

ಇನ್ನು ಕನ್ನಡದ ಕಡೆಗೆ ಬರೋಣ. ಸಂಗ್ರಹದ ನಿಜವಾದ ಕೆಲಸ ಇನ್ನೂ ಆಗಬೇಕಾಗಿರುವುದು ಇಲ್ಲಿಯೇ. 1950ರ ದಶಕದಿಂದ ಎನ್. ನರಸಿಂಹಯ್ಯನವರು ಪುರುಷೋತ್ತಮ, ಅರಿಂಜಯ, ಮಧುಸೂದನ ಮುಂತಾದ ಪತ್ತೇದಾರರನ್ನು ಸೃಷ್ಟಿಸಿ ಐನೂರರಷ್ಟು ಕಾದಂಬರಿಗಳನ್ನು ಬರೆದರು. ಕನ್ನಡಕ್ಕೆ ಹಳದಿ ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರಾಗಿದ್ದರು. ಅಕ್ಷರ ಬಲ್ಲ ಆದರೆ ಓದಿನ ರೂಢಿಯಿಲ್ಲದ ಸಾವಿರಾರು ಜನರನ್ನು ಈ ಪುಸ್ತಕಗಳು ಓದುಗರನ್ನಾಗಿ ಮಾಡಿದವೆಂಬ ಮಾತನ್ನು ಸಾಹಿತ್ಯದ ಚರಿತ್ರೆಯಲ್ಲಿ ಗೌರವದಿಂದ ಹೇಳುತ್ತಾರೆ. ಆದರೆ ಅವರನ್ನು ಅಂಗಡಿಯ ಮುಂದೆ ನಿಲ್ಲಿಸಿದ ಚಿತ್ರವನ್ನು ಬರೆದವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ನನ್ನ ಕಪಾಟಿನಲ್ಲಿರುವ ಬಹುಪಾಲು ಪುಸ್ತಕಗಳ ಒಳಪುಟದಲ್ಲಿ ಲೇಖಕರ, ಪ್ರಕಾಶಕರ, ಮುದ್ರಣಾಲಯದ ಹೆಸರುಗಳಿವೆ. ಕಲಾವಿದರ ಹೆಸರು ಇಲ್ಲ.

ಕನ್ನಡದ ಈ ಹೊದಿಕೆಗಳಲ್ಲಿ ನಾನು ಮೊದಲು ನೋಡುವುದು ಅಕ್ಷರವನ್ನು, ಆಮೇಲೆ ಚಿತ್ರವನ್ನು. ಸೀಸದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕನ್ನಡದ ದೊಡ್ಡ ಗಾತ್ರದ ಮೊಳೆಗಳು ಸಣ್ಣ ಮುದ್ರಣಾಲಯಗಳಲ್ಲಿ ಹೆಚ್ಚು ಬಗೆಯವು ಇರುತ್ತಿರಲಿಲ್ಲ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಒಂದು ಜೊತೆ ಮೊಳೆಗೆ ಬೇಕಾಗುವ ತುಂಡುಗಳು ಇಂಗ್ಲಿಷಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಕಲಾವಿದರು ಶೀರ್ಷಿಕೆಯನ್ನು ಕೈಯಿಂದಲೇ ಬರೆದು, ಚಿತ್ರದ ಜೊತೆಗೆ ಅದನ್ನೂ ಬ್ಲಾಕ್, ಅಂದರೆ ಅಚ್ಚು ಹಾಕುವ ಲೋಹದ ಪಡಿಯಚ್ಚು, ಮಾಡಿಸುತ್ತಿದ್ದರು. ಕೊರತೆಯಿಂದ ಹುಟ್ಟಿದ ಈ ಪದ್ಧತಿ ಕನ್ನಡ ಲಿಪಿಗೆ ಒಳ್ಳೆಯದನ್ನೇ ಮಾಡಿತು. ತಲೆಕಟ್ಟನ್ನು ಕತ್ತಿಯ ಅಲಗಿನಂತೆ ಚೂಪಾಗಿ ಎಳೆಯುವುದು, ಒತ್ತಕ್ಷರದ ಬಾಲವನ್ನು ಕೆಳಗಿಳಿಸಿ ರಕ್ತದ ಹನಿಯಾಗಿಸುವುದು, ಕೊಂಬಿನ ಸುರುಳಿಯನ್ನು ಹಗ್ಗದ ಕುಣಿಕೆಯಂತೆ ತಿರುಚುವುದು, ಇಡೀ ಸಾಲನ್ನು ಓರೆಯಾಗಿ ಏರಿಸಿ ಓಡುತ್ತಿರುವಂತೆ ತೋರಿಸುವುದು: ಇವುಗಳಲ್ಲಿ ಹಲವು ರೋಮನ್ ಅಕ್ಷರದಲ್ಲಿ ಈ ರೀತಿ ಸಾಧ್ಯವಿಲ್ಲ. ಚಿತ್ರವನ್ನು ಬೇರೆಡೆಯಿಂದ ಎರವಲು ತಂದಿರುವ ಹೊದಿಕೆಯಲ್ಲಿ ಕೂಡ ಅಕ್ಷರ ಮಾತ್ರ ಸ್ವಂತದ್ದಾಗಿರುತ್ತದೆ.

ಎರವಲಿನ ಮಾತು ಬಂತು. ಉದ್ದ ಕೋಟು, ಅಂಚು ಮಡಿಸಿದ ಟೊಪ್ಪಿ, ಬೆಂಕಿಗೂಡಿನ ಪಕ್ಕದ ಕುರ್ಚಿ ಇವು ನಮ್ಮ ಸೆಕೆಯ ಊರುಗಳಲ್ಲಿ ಯಾರೂ ಕಂಡವಲ್ಲ. ಇಂಗ್ಲಿಷ್ ಪುಸ್ತಕದ ಹೊದಿಕೆಯಿಂದಲೋ ಸಿನಿಮಾದ ಭಿತ್ತಿಪತ್ರದಿಂದಲೋ ನೋಡಿ ಬರೆದವು. ಇದನ್ನು ಕಳ್ಳತನವೆಂದು ತಳ್ಳಿಹಾಕುವುದಕ್ಕಿಂತ, ನಕಲು ಮಾಡುವಾಗ ಏನು ಬದಲಾಯಿತು ಎಂದು ಗಮನಿಸುವುದು ನನಗೆ ಮುಖ್ಯವೆನಿಸುತ್ತದೆ. ನನ್ನಲ್ಲಿರುವ ಒಂದು ಹೊದಿಕೆಯಲ್ಲಿ ಗಂಡಸಿನದು ಪೂರ್ತಿ ಅಮೆರಿಕದ ವೇಷ. ಅವನ ಪಕ್ಕದಲ್ಲಿರುವ ಹೆಂಗಸಿಗೆ ಮಾತ್ರ ಕಲಾವಿದರು ಸೀರೆ ಉಡಿಸಿ, ಕುಂಕುಮ ಇಟ್ಟು, ಜಡೆಗೆ ಹೂ ಮುಡಿಸಿದ್ದಾರೆ. ಆ ಕಾಲದ ಓದುಗನು ಪತ್ತೇದಾರನನ್ನು ಹೊರಗಿನವನೆಂದೂ ಅಪಾಯದಲ್ಲಿರುವವಳನ್ನು ತನ್ನ ಮನೆಯವಳೆಂದೂ ಭಾವಿಸಬೇಕೆಂಬ ಲೆಕ್ಕಾಚಾರವನ್ನು ನಾನು ಆ ಒಂದು ಚಿತ್ರದಿಂದ ಊಹಿಸುತ್ತೇನೆ.

ಯಂತ್ರದ ವಿಷಯ ಸ್ವಲ್ಪ ಕ್ಲಿಷ್ಟ. ಆದರೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಇದ್ದರೆ ಮನೆಯಲ್ಲೇ ಕಲಿಯಬಹುದು. ಹಳೆಯ ಕನ್ನಡ ಹೊದಿಕೆಗಳನ್ನು ಸತುವಿನ ಬ್ಲಾಕುಗಳಿಂದ ಟ್ರೆಡಲ್ ಎಂಬ ಸಣ್ಣ ಅಚ್ಚಿನ ಯಂತ್ರದಲ್ಲಿ ಅಚ್ಚು ಹಾಕುತ್ತಿದ್ದರು. ಒಂದು ಬಣ್ಣಕ್ಕೆ ಒಂದು ಬ್ಲಾಕು, ಒಂದು ಬ್ಲಾಕಿಗೆ ಒಂದು ಓಟ, ಅಂದರೆ ಹಾಳೆಯನ್ನು ಯಂತ್ರಕ್ಕೆ ಒಮ್ಮೆ ಕೊಡುವುದು. ಬಣ್ಣ ಹೆಚ್ಚಿದಂತೆ ಖರ್ಚೂ ಹೆಚ್ಚು. ಆದ್ದರಿಂದ ಕಲಾವಿದರು ಎರಡೋ ಮೂರೋ ಬಣ್ಣಗಳಲ್ಲಿ ಕೆಲಸ ಮುಗಿಸಬೇಕಿತ್ತು. ಹಳದಿಯ ಮೇಲೆ ಕೆಂಪು ಬಿದ್ದರೆ ಕಿತ್ತಳೆ, ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು ಎಂಬ ಉಪಾಯದಿಂದ ಮೂರು ಓಟದಲ್ಲಿ ಐದಾರು ಬಣ್ಣಗಳನ್ನು ದುಡಿಸಿಕೊಂಡ ಹೊದಿಕೆಗಳನ್ನು ನೋಡಿದಾಗ ಆ ಕಲಾವಿದರ ಲೆಕ್ಕದ ಜಾಣ್ಮೆಗೆ ಮನಸ್ಸು ತುಂಬಿ ಬರುತ್ತದೆ. ಭೂತಗನ್ನಡಿಯಲ್ಲಿ ಇಂಥ ಅಚ್ಚಿನ ಬಣ್ಣಗಳು ಚುಕ್ಕಿಗಳಿಲ್ಲದೆ ಗಟ್ಟಿಯಾಗಿ ಕಾಣುತ್ತವೆ. ಅಕ್ಷರದ ಅಂಚಿನಲ್ಲಿ ಶಾಯಿ ಒತ್ತಿ ಹೊರಬಂದ ಗಾಢವಾದ ಗೆರೆ ಇರುತ್ತದೆ. ಹೊದಿಕೆಯ ಒಳಬದಿಯನ್ನು ಬೆರಳಿನಿಂದ ಸವರಿದರೆ ಒತ್ತಿದ ಗುರುತು ತಿಳಿಯುತ್ತದೆ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ, ತುಟಿಯ ಕೆಂಪು ಕೆನ್ನೆಗೆ ಜಾರಿರುವುದೂ ಉಂಟು. ಹೊಸಬರು ಇದನ್ನು ದೋಷವೆಂದು ಬಿಟ್ಟುಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಆ ಜಾರಿದ ಕೆಂಪು ಪ್ರತಿ ಬಣ್ಣಕ್ಕೂ ಹಾಳೆಯನ್ನು ಯಂತ್ರಕ್ಕೆ ಮತ್ತೆ ಮತ್ತೆ ಕೊಟ್ಟ ಒಬ್ಬ ಮನುಷ್ಯನ ಕೈಯ ಗುರುತು.

ಛಾಯೆಗಳಿರುವ ಚಿತ್ರ ಅಥವಾ ಫೋಟೋ ಅಚ್ಚಾಗಬೇಕಾದರೆ ಅದನ್ನು ಸಣ್ಣ ದೊಡ್ಡ ಚುಕ್ಕಿಗಳಾಗಿ ಒಡೆಯಬೇಕು, ಇದೇ ಹಾಫ್‌ಟೋನ್. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಬೇರೆ ಬೇರೆ ಕೋನಗಳಲ್ಲಿ ಸೇರಿ ಪುಟ್ಟ ಹೂವಿನಂತಹ ವಿನ್ಯಾಸ ಕಾಣಿಸಿದರೆ ಅದು ನಾಲ್ಕು ಬಣ್ಣದ ಮುದ್ರಣ. ಅಂಚಿನ ಗಾಢ ಗೆರೆಯೂ ಒತ್ತಿದ ಗುರುತೂ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಆಫ್‌ಸೆಟ್. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬ ತತ್ವದ ಮೇಲೆ ಆಫ್‌ಸೆಟ್ ನಡೆಯುತ್ತದೆ. ಮಂಗಳೂರಿನವರಿಗೆ ಇದು ಹೊಸ ತತ್ವವೇನಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯವೂ, ಅಲ್ಲಿ 1843ರಲ್ಲಿ ಅಚ್ಚಾದ ‘ಮಂಗಳೂರ ಸಮಾಚಾರ’ವೂ ಇದೇ ತತ್ವದ ಫಲ, ಕಲ್ಲಿನ ಜಾಗಕ್ಕೆ ತೆಳುವಾದ ಲೋಹದ ತಗಡೂ ರಬ್ಬರಿನ ಹೊದಿಕೆಯೂ ಬಂದವು, ಅಷ್ಟೆ.

ಪುಸ್ತಕದ ಕಾಲವನ್ನು ಗುರುತಿಸುವುದು ಸಂಗ್ರಾಹಕರಿಗೆ ಅತ್ಯಂತ ಉಪಯುಕ್ತವಾದ ವಿದ್ಯೆ, ಏಕೆಂದರೆ ಅಗ್ಗದ ಪುಸ್ತಕಗಳಲ್ಲಿ ಮುದ್ರಣದ ವರ್ಷ ಹಲವೊಮ್ಮೆ ಇರುವುದೇ ಇಲ್ಲ. ಇದ್ದರೂ ಮರುಮುದ್ರಣದಲ್ಲಿ ಹಳೆಯ ವರ್ಷವನ್ನೇ ಉಳಿಸಿರುತ್ತಾರೆ. ಆಗ ಬೆಲೆಯನ್ನೂ ವಿಳಾಸವನ್ನೂ ನೋಡಬೇಕು. ಬೆಲೆ ಆಣೆಯಲ್ಲಿದ್ದರೆ, ಅಥವಾ ರೂಪಾಯಿ, ಆಣೆ, ಪೈಗಳನ್ನು ಸೂಚಿಸುವ ‘1-4-0’ ಎಂಬಂತಹ ಮೂರು ಅಂಕಿಗಳಿದ್ದರೆ, ಅದು 1957ರ ಏಪ್ರಿಲ್ ಒಂದರಂದು ದಶಮಾಂಶ ನಾಣ್ಯ ಬರುವುದಕ್ಕೆ ಮೊದಲಿನದು, ಅಥವಾ ಹೆಚ್ಚೆಂದರೆ ಆ ಬದಲಾವಣೆಯ ಆಸುಪಾಸಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದೆಂದು ಸಾಕಷ್ಟು ಧೈರ್ಯದಿಂದ ಹೇಳಬಹುದು, ಏಕೆಂದರೆ 1964ರಲ್ಲಿ ‘ನಯೇ’ ಎಂಬ ವಿಶೇಷಣವನ್ನು ಕೈಬಿಡಲಾಯಿತು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಗಳ ಪಿನ್‌ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಿರಲಾರದು. ‘ಬೆಂಗಳೂರು-2’ ಎಂಬ ಬಗೆಯ ಹಳೆಯ ವಲಯ ಸಂಖ್ಯೆ ಮಾತ್ರ ಇದ್ದರೆ ಅದಕ್ಕಿಂತ ಹಿಂದಿನದಿರಬಹುದು. ಆದರೆ ಹಳೆಯ ರೂಢಿ ಆಮೇಲೂ ಮುಂದುವರಿದದ್ದರಿಂದ ಇದೊಂದೇ ಸಾಕ್ಷಿ ಸಾಲದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗೆ ಮೊದಲಿನದು. ಇಂಗ್ಲೆಂಡಿನ ಪುಸ್ತಕಗಳಲ್ಲಿ ಶಿಲ್ಲಿಂಗಿನ ಬೆಲೆ ಮಾತ್ರ ಇದ್ದರೆ ಸಾಮಾನ್ಯವಾಗಿ 1971ರ ಫೆಬ್ರವರಿಗೆ ಮೊದಲಿನದು. ಶಿಲ್ಲಿಂಗ್ ಮತ್ತು ಹೊಸ ಪೆನ್ಸ್ ಎರಡೂ ಅಕ್ಕಪಕ್ಕದಲ್ಲಿದ್ದರೆ ಆ ಬದಲಾವಣೆಯ ಹೊತ್ತಿನದು.

ನಮ್ಮ ಊರಿನ ಸಂಗ್ರಾಹಕರಿಗೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ: ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಲೈಬ್ರರಿಗಳ ರಬ್ಬರ್ ಮುದ್ರೆ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಮುದ್ರೆಯಲ್ಲಿ ‘ಉಡುಪಿ (ದ.ಕ.)’ ಎಂದಿದ್ದರೆ ಆ ಮುದ್ರೆ ಅದಕ್ಕಿಂತ ಹಳೆಯದು. ಮುದ್ರೆಗಳಿಂದ ಹೊದಿಕೆ ಹಾಳಾಯಿತೆಂದು ಹಲವರು ಅಂಥ ಪ್ರತಿಗಳನ್ನು ಕೊಳ್ಳುವುದಿಲ್ಲ. ಹಿಂಬದಿಯ ಚೀಟಿಯಲ್ಲಿ ನೀಲಿ ಶಾಯಿಯ ದಿನಾಂಕಗಳು ಸಾಲಾಗಿ ಬಿದ್ದಿರುವ ಪ್ರತಿಯನ್ನು ನಾನು ಸ್ವಚ್ಛವಾದ ಪ್ರತಿಗಿಂತ ಮೇಲಾಗಿ ಎಣಿಸುತ್ತೇನೆ; ಆ ಮುಖಪುಟ ಎಷ್ಟು ಸಲ ಕೆಲಸ ಮಾಡಿತು ಎಂಬ ಲೆಕ್ಕ ಅಲ್ಲೇ ಇದೆ. ನಿಜವಾದ ನಷ್ಟವಾಗುವುದು ಬೈಂಡಿಂಗಿನಲ್ಲಿ. ಪುಸ್ತಕ ಬಾಳಲಿ ಎಂದು ಲೈಬ್ರರಿಯವರು ಅಂಚುಗಳನ್ನು ಕತ್ತರಿಸಿ, ಮುಖಪುಟವನ್ನು ರಟ್ಟಿಗೆ ಅಂಟಿಸಿ, ಬೆನ್ನಿಗೆ ಬಟ್ಟೆ ಹಾಕಿಸುತ್ತಿದ್ದರು. ಹಾಗೆ ಕತ್ತರಿಸುವಾಗ ಮೂಲೆಯಲ್ಲಿದ್ದ ಕಲಾವಿದರ ಸಹಿ ಹೋಗಿಬಿಟ್ಟಿರುವ ಪ್ರತಿಗಳು ನನ್ನಲ್ಲೇ ಹತ್ತಾರು ಇವೆ.

ಇನ್ನು ಕಾಪಾಡುವ ವಿಷಯ. ಕರಾವಳಿಯಲ್ಲಿ ಇದೇ ಅತ್ಯಂತ ಕಠಿಣ. ಅಗ್ಗದ ಪುಸ್ತಕದ ಕಾಗದ ಮರದ ತಿರುಳನ್ನು ಅರೆದು ಮಾಡಿದ್ದು. ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಅಂಶ ಬೆಳಕು ಮತ್ತು ಗಾಳಿಗೆ ಕಂದಾಗುತ್ತದೆ, ಕಾಗದ ಮಾಡುವಾಗ ಬಳಸಿದ ಪಟಿಕದಿಂದ ಆಮ್ಲ ಹುಟ್ಟಿ ನಾರುಗಳನ್ನು ತುಂಡರಿಸುತ್ತದೆ. ಹಳೆಯ ಪುಟವನ್ನು ಮಡಚಿದರೆ ಹಪ್ಪಳದಂತೆ ಮುರಿಯುವುದು ಇದರಿಂದ. ಹೊದಿಕೆಯ ಕಾಗದ ಸ್ವಲ್ಪ ಉತ್ತಮ ದರ್ಜೆಯದಾಗಿದ್ದರೂ ಬಣ್ಣಗಳು ಸಮನಾಗಿ ಬಾಳುವುದಿಲ್ಲ. ಬೆಳಕಿಗೆ ಕೆಂಪು ಮತ್ತು ಹಳದಿ ಶಾಯಿಗಳು ಬೇಗ ಸೋಲುತ್ತವೆ, ನೀಲಿ ಮತ್ತು ಕಪ್ಪು ನಿಲ್ಲುತ್ತವೆ. ಬಿಸಿಲಿಗೆ ತೂಗಿದ ಪುಸ್ತಕಗಳಲ್ಲಿ ಹೆಂಗಸಿನ ಮುಖ ನೀಲಿಗಟ್ಟಿ ಕಾಣುವುದಕ್ಕೆ ಇದೇ ಕಾರಣ. ಕಲಾವಿದರು ಹಾಗೆ ಬರೆದಿರಲಿಲ್ಲ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಊರುಗಳಲ್ಲಿ ಬೆಳಕಿಗಿಂತ ದೊಡ್ಡ ಶತ್ರು ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 65 ಪ್ರತಿಶತವನ್ನು ದಾಟಿ ದಿನಗಟ್ಟಲೆ ಉಳಿದರೆ ಬೂಷ್ಟು ಹಿಡಿಯಲು ಆರಂಭವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿನ ಆರ್ದ್ರತೆ ಅದಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಪುಟಗಳನ್ನು ಹಿಡಿದಿಟ್ಟ ತಂತಿಯ ಪಿನ್ನು ಸಮುದ್ರದ ಗಾಳಿಗೆ ತುಕ್ಕು ಹಿಡಿದು ಹೊದಿಕೆಯ ಮೇಲೆ ಕಂದು ಕಲೆಯಾಗಿ ಏಳುತ್ತದೆ. ಹೊಳಪಿನ ಹೊದಿಕೆಯ ಮೇಲಿನ ಪಾರದರ್ಶಕ ಪೊರೆ ಸಡಿಲಗೊಂಡು ಅಂಚಿನಿಂದ ಮೇಲೇಳುತ್ತದೆ. ಅಂಟಿನ ರುಚಿಗೆ ಬೆಳ್ಳಿ ಬಣ್ಣದ ಪುಸ್ತಕದ ಹುಳ ಬರುತ್ತದೆ. ನೆಲದಿಂದ ಒರಲೆ ಬರುತ್ತದೆ.

ನನ್ನ ಅನುಭವದಲ್ಲಿ ಪ್ರಯೋಜನಕ್ಕೆ ಬಂದ ಕ್ರಮಗಳು ಸರಳವಾದವು. ಕಪಾಟನ್ನು ಹೊರಗೋಡೆಗೆ ತಾಗಿಸಬಾರದು. ಮುರಕಲ್ಲಿನ ಗೋಡೆ ಮಳೆಗಾಲವಿಡೀ ನೀರನ್ನು ಹೀರಿ ಒಳಗೆ ಬಿಡುತ್ತದೆ, ಆದ್ದರಿಂದ ಒಳಗೋಡೆಯ ಬದಿಗೆ, ಅಂಗೈಯಗಲ ಅಂತರ ಬಿಟ್ಟು, ನೆಲದಿಂದ ಎತ್ತರಿಸಿ ಇಡಬೇಕು. ಪುಸ್ತಕಗಳನ್ನು ಒತ್ತಾಗಿ ತುಂಬದೆ, ವಾಲದಂತೆ ನೇರವಾಗಿ ನಿಲ್ಲಿಸಬೇಕು. ಆರ್ದ್ರತೆ ತೋರಿಸುವ ಸಣ್ಣ ಮಾಪಕವೊಂದನ್ನು ಕಪಾಟಿನೊಳಗೆ ಇಟ್ಟರೆ ಊಹೆಯ ಅಗತ್ಯವಿಲ್ಲ. ಸಿಲಿಕಾ ಜೆಲ್ ಗಾಳಿಯಾಡದ ಡಬ್ಬಿಯಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ, ತೆರೆದ ಕಪಾಟಿನಲ್ಲಿ ಅದು ಒಂದೇ ದಿನದಲ್ಲಿ ಸೋಲುತ್ತದೆ. ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಪರೂಪದ ಪ್ರತಿಗಳಿಗೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆಯ ಚೀಲಗಳು ಒಳ್ಳೆಯವು. ವಾಸನೆ ಬರುವ ಮೆತ್ತನೆಯ ಪಿವಿಸಿ ಚೀಲಗಳು ಕಾಲಕ್ರಮದಲ್ಲಿ ಬಣ್ಣವನ್ನೇ ಎಳೆದುಕೊಳ್ಳುತ್ತವೆ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ, ಮನುಷ್ಯರಿಗೆ ಒಳ್ಳೆಯದೂ ಅಲ್ಲ. ಹುಳು ಹಿಡಿದ ಪ್ರತಿಯನ್ನು ಬಿಗಿಯಾದ ಚೀಲದಲ್ಲಿ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೆಯೇ ಬಿಡುವುದು ಔಷಧಿಗಿಂತ ಕ್ಷೇಮಕರ. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹರಡುವ ನಮ್ಮ ರೂಢಿ ಬಣ್ಣವನ್ನು ಕೊಲ್ಲುತ್ತದೆ. ಫ್ಯಾನಿನ ಗಾಳಿಯಲ್ಲಿ ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ, ಮೂಗು ಬಾಯಿ ಮುಚ್ಚಿಕೊಂಡು, ಮೆತ್ತನೆಯ ಕುಂಚದಿಂದ ಮನೆಯ ಹೊರಗೆ ಒರೆಸಬೇಕು.

ಮಾಡಬಾರದ್ದರಲ್ಲಿ ಮೊದಲನೆಯದು ಸೆಲ್ಲೋಟೇಪ್. ಸಂಗ್ರಹ ಆರಂಭಿಸಿದ ದಿನಗಳಲ್ಲಿ ನಾನು ಬೆನ್ನು ಹರಿದ ಒಂದು ಒಳ್ಳೆಯ ಹೊದಿಕೆಗೆ ಅದನ್ನು ಅಂಟಿಸಿದ್ದೆ. ಹತ್ತು ವರ್ಷಗಳಲ್ಲಿ ಟೇಪು ಉದುರಿತು, ಅದರ ಎಣ್ಣೆಯ ಕಂದು ಪಟ್ಟಿ ಮಾತ್ರ ಚಿತ್ರದ ಮಧ್ಯದಲ್ಲಿ ಉಳಿಯಿತು. ಅದನ್ನು ತೆಗೆಯುವ ದಾರಿ ನನಗೆ ಸಿಕ್ಕಿಲ್ಲ, ಆ ಪ್ರತಿಯನ್ನು ನೋಡಿದಾಗಲೆಲ್ಲ ನೋವಾಗುತ್ತದೆ. ಹರಿದದ್ದನ್ನು ಸೇರಿಸಲೇಬೇಕಾದರೆ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಒಳಬದಿಗೆ ಹಚ್ಚಬೇಕು. ನೀರಿನಿಂದ ಮತ್ತೆ ಬಿಡಿಸಬಹುದಾದ ಅಂಟೇ ಸರಿಯಾದ ಅಂಟು. ಹೊದಿಕೆಯನ್ನು ಲ್ಯಾಮಿನೇಟ್ ಮಾಡಿಸುವುದಂತೂ ಅದನ್ನು ಕಳೆದುಕೊಂಡಂತೆಯೇ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಜರಿ ಅಂಗಡಿಯಲ್ಲಿ ಇವುಗಳನ್ನು ಇನ್ನೂ ತೂಕಕ್ಕೆ ಕೊಡುತ್ತಾರೆ. ಲಾಭದ ಆಸೆಯಿಂದ ಬರುವವರಿಗೆ ಇದು ತಕ್ಕ ಕ್ಷೇತ್ರವಲ್ಲ. ಬೆನ್ನಿನ ಮಡಿಕೆ, ಮೂಲೆಯ ಹರಿತ, ಬಣ್ಣದ ತಾಜಾತನ, ಪೂರ್ತಿ ಅಂಚು ಇವುಗಳನ್ನು ನೋಡಿ ಕೊಂಡರೆ ಸಾಕು. ಒಳ್ಳೆಯ ಪ್ರತಿ ಸಿಗುವವರೆಗೆ ಕೆಟ್ಟ ಪ್ರತಿಯನ್ನೂ ಬಿಡಬಾರದು.

ಕೊಂಡ ಕೂಡಲೇ ನಾನು ಮಾಡುವ ಕೆಲಸ ದಾಖಲೆ. ಮುಂದಿನ, ಹಿಂದಿನ ಹೊದಿಕೆ ಮತ್ತು ಬೆನ್ನು ಮೂರನ್ನೂ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಬೆಲೆ, ಮುದ್ರಣಾಲಯ, ವಿಳಾಸ, ಮುದ್ರೆ, ಪುಸ್ತಕ ಸಿಕ್ಕಿದ ಊರು ಇವನ್ನು ಬರೆದಿಡುತ್ತೇನೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ಮತ್ತೆ ಅಚ್ಚು ಹಾಕುವವರು ಒಂದು ವಿಷಯ ನೆನಪಿಡಬೇಕು: ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕು ಸಾಮಾನ್ಯವಾಗಿ ಕಲಾವಿದರ ಜೀವಿತಾವಧಿಗೂ ಆಮೇಲಿನ 60 ವರ್ಷಗಳಿಗೂ ಇರುತ್ತದೆ. ಪುಸ್ತಕ ನಮ್ಮದಾದ ಮಾತ್ರಕ್ಕೆ ಚಿತ್ರ ನಮ್ಮದಾಗುವುದಿಲ್ಲ.

ನನ್ನ ದಾಖಲೆಯಲ್ಲಿ ಸಹಿಗಳಿಗಾಗಿಯೇ ಒಂದು ಪ್ರತ್ಯೇಕ ಪುಸ್ತಕವಿದೆ. ಹೊದಿಕೆಯ ಬಲ ಕೆಳಮೂಲೆಯಲ್ಲಿ, ಕೆಲವೊಮ್ಮೆ ಹೆಂಗಸಿನ ಸೆರಗಿನ ಮಡಿಕೆಯಲ್ಲಿ, ಒಮ್ಮೆ ಬೀದಿದೀಪದ ಕಂಬದ ಬುಡದಲ್ಲಿ, ಎರಡೇ ಅಕ್ಷರಗಳಲ್ಲಿ ಅವಿತಿರುವ ಸಹಿಗಳನ್ನು ದೊಡ್ಡದಾಗಿ ನಕಲಿಸಿ, ಯಾವ ಯಾವ ಮುದ್ರಣಾಲಯದ ಜೊತೆ ಅವು ಕಾಣಿಸಿಕೊಳ್ಳುತ್ತವೆ ಎಂದು ಪಕ್ಕದಲ್ಲಿ ಬರೆಯುತ್ತಾ ಬಂದಿದ್ದೇನೆ. ಅವುಗಳಲ್ಲಿ ‘ಶ್ರೀ’ ಎಂಬ ಒಂದೇ ಅಕ್ಷರದ ಸಹಿ ನನ್ನಲ್ಲಿರುವ ಹನ್ನೊಂದು ಹೊದಿಕೆಗಳ ಮೇಲಿದೆ. ಹನ್ನೊಂದರಲ್ಲಿಯೂ ಕೈಬೆರಳುಗಳನ್ನು ಒಂದೇ ರೀತಿ, ಉಗುರಿನ ಬುಡದ ಬಿಳಿಯನ್ನೂ ಬಿಡದೆ ಬರೆಯಲಾಗಿದೆ. ನಯೇ ಪೈಸೆಯ ಕಾಲದ ಮೂರು ಪ್ರತಿಗಳಲ್ಲಿ ಆ ಬೆರಳು ಪಿಸ್ತೂಲು ಹಿಡಿದಿದೆ, ಪಿನ್‌ಕೋಡ್ ಬಂದ ಮೇಲಿನ ಒಂದು ಪ್ರತಿಯಲ್ಲಿ ಟೆಲಿಫೋನ್ ಹಿಡಿದಿದೆ. ಹನ್ನೆರಡನೆಯದು ಯಾವ ಅಟ್ಟದಿಂದ ಇಳಿದು ಬರುತ್ತದೆಂದು ಕಾಯುತ್ತಿದ್ದೇನೆ.